ನೇರಪ್ರಸಾರದ ಚಿತ್ರ: ಹರಿವು, ಸಂಗ್ರಹ ಮತ್ತು ಕತ್ತರಿ

ಗುತ್ತಲದ ರೈತನೊಬ್ಬನ ಜಮೀನಿನ ವ್ಯಾಜ್ಯವು ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದರೆ ಅದರ ವಿಚಾರಣೆ ನಡೆಯುವುದು ಧಾರವಾಡದ ಪೀಠದಲ್ಲಿ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಖಾಯಂ ಪೀಠವಾದ ಆ ನ್ಯಾಯಸ್ಥಾನವು ನಮ್ಮೂರಿಗೆ ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದೆ. ಹಿಂದೆ ಕಕ್ಷಿದಾರನು ಒಂದು ದಿನದ ಕೆಲಸವನ್ನು ಬಿಟ್ಟು ಬಸ್ಸು ಹತ್ತಬೇಕಾಗಿತ್ತು. ಇಲ್ಲವೆ ವಕೀಲರು ಹೇಳಿದಷ್ಟನ್ನೇ ಕೇಳಿ ತೃಪ್ತನಾಗಬೇಕಾಗಿತ್ತು. ನ್ಯಾಯಾಲಯದ ಕಲಾಪವನ್ನು ಮನೆಯಲ್ಲಿಯೇ ಕುಳಿತು ನೋಡುವ ಅವಕಾಶವು ನಮಗೆ ದೊರೆತದ್ದು ತೀರ ಈಚೆಗೆ.

ಸರ್ವೋಚ್ಚ ನ್ಯಾಯಾಲಯವು ಸ್ವಪ್ನಿಲ್ ತ್ರಿಪಾಠಿಯವರ ಪ್ರಕರಣದಲ್ಲಿ 2018ರ ಸೆಪ್ಟೆಂಬರ್ 26ರಂದು ನೀಡಿದ ತೀರ್ಪಿನಲ್ಲಿ ಕಲಾಪಗಳ ನೇರಪ್ರಸಾರಕ್ಕೆ ಸಮ್ಮತಿ ದೊರೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಪ್ರಾಯೋಗಿಕವಾಗಿ ಪ್ರಸಾರವನ್ನಾರಂಭಿಸಿ, ಅದಕ್ಕಾಗಿ ನಿಯಮಾವಳಿಯನ್ನು ರಚಿಸಿ, 2022ರ ಜನವರಿ 1ರಿಂದ ಜಾರಿಗೆ ತಂದಿತು. ಇದರ ಹಿಂದೆ ದುಡಿಯುವ ತಂತ್ರಾಂಶವನ್ನು ಹೇಗೆ ಕಟ್ಟುತ್ತಾರೆ, ಅದರಲ್ಲಿ ತೊಡಕುಗಳೇನು ಎಂಬುದನ್ನು ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಕ್ಯಾಮೆರಾದಿಂದ ಬರುವ ಚಿತ್ರವನ್ನು ಇದ್ದಂತೆಯೇ ಕಳುಹಿಸುವುದು ಅಸಾಧ್ಯ. ಅಡ್ಡ 1920, ಉದ್ದ 1080 ಬಿಂದುಗಳಿರುವ ಚಿತ್ರವು ಸೆಕೆಂಡಿಗೆ 25ರಂತೆ ಬಂದರೆ, ಒಂದೇ ತಾಸಿಗೆ ಸುಮಾರು 280 ಗಿಗಾಬೈಟುಗಳಷ್ಟು ದತ್ತಾಂಶವಾಗುತ್ತದೆ. ಆದುದರಿಂದ ಅದನ್ನು ಅಡಕಗೊಳಿಸಬೇಕು. 2003ರಲ್ಲಿ ಪ್ರಕಟವಾದ ಎಚ್.264 ಎಂಬ ಪದ್ಧತಿಯು ಇಂದಿಗೂ ಇದಕ್ಕೆ ಬಹುಮಟ್ಟಿಗೆ ಬಳಕೆಯಲ್ಲಿದೆ. ಅದರ ಯುಕ್ತಿ ಸರಳವಾದುದು. ನ್ಯಾಯಾಲಯದ ಗೋಡೆ, ಪೀಠ, ಮೇಜುಗಳು ಕ್ಷಣಕ್ಷಣಕ್ಕೂ ಬದಲಾಗುವುದಿಲ್ಲ. ಆದಕಾರಣ ಒಂದು ಚಿತ್ರವನ್ನು ಪೂರ್ಣವಾಗಿ ಬರೆದಿಟ್ಟು, ಮುಂದಿನವುಗಳಲ್ಲಿ ಆದ ವ್ಯತ್ಯಾಸವನ್ನಷ್ಟೇ ಬರೆದರೆ ಸಾಕು. ಹೀಗೆ ಮಾಡಿದಾಗ ಸೆಕೆಂಡಿಗೆ 2 ಮೆಗಾಬಿಟ್‌ಗಳ ವೇಗದಲ್ಲಿ ತಾಸಿನ ದೃಶ್ಯವೊಂದು 900 ಮೆಗಾಬೈಟುಗಳಿಗೆ, ಎಂದರೆ ಮೂಲದ ಮುನ್ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಪೂರ್ಣವಾಗಿ ಬರೆದಿಟ್ಟ ಆ ಚಿತ್ರಕ್ಕೆ ಕೀಫ್ರೇಮ್ ಎಂದು ಹೆಸರು. ಕತ್ತರಿಸುವ ಕಾರ್ಯದ ತೊಡಕೆಲ್ಲ ಇರುವುದು ಇಲ್ಲಿಯೇ. ಎರಡು ಸೆಕೆಂಡಿಗೊಂದು ಕೀಫ್ರೇಮ್ ಇದೆ ಎನ್ನೋಣ. ಅದರ ಬೆನ್ನಿಗಿರುವ 49 ಚಿತ್ರಗಳೂ ಅದನ್ನೇ ಅವಲಂಬಿಸಿವೆ. ನಡುವಿನ ಯಾವುದೋ ಒಂದರಿಂದ ಕತ್ತರಿಸಿದರೆ ಆಧಾರವಿಲ್ಲದ ವ್ಯತ್ಯಾಸಗಳು ಮಾತ್ರ ಉಳಿದು, ತೆರೆಯ ಮೇಲೆ ಬೂದುಬಣ್ಣದ ಕಲೆಗಳು ಕಾಣಿಸುತ್ತವೆ. ಆದುದರಿಂದ ತಂತ್ರಾಂಶವು ಹಿಂದಿನ ಕೀಫ್ರೇಮ್‌ನವರೆಗೆ ಸರಿದು ಅಲ್ಲಿಂದ ಕತ್ತರಿಸಬೇಕು. ಇಲ್ಲವೆ ಎಲ್ಲವನ್ನೂ ಬಿಚ್ಚಿ ಮತ್ತೊಮ್ಮೆ ಅಡಕಗೊಳಿಸಬೇಕು. ಮೊದಲನೆಯದು ಕ್ಷಣಮಾತ್ರದ ಕೆಲಸ, ಆದರೆ ಬೇಡವಾದ ಒಂದೆರಡು ಸೆಕೆಂಡು ಸೇರಿಕೊಳ್ಳುತ್ತದೆ. ಎರಡನೆಯದು ನಿಖರವಾದುದು, ಆದರೆ ನಿಧಾನ. ಪ್ರತಿಸಲವೂ ಚಿತ್ರದ ಗುಣ ಅಷ್ಟಷ್ಟು ಕುಂದುತ್ತದೆ. ತುದಿಗಳನ್ನು ಮಾತ್ರ ಹೊಸದಾಗಿ ಅಡಕಗೊಳಿಸಿ ನಡುವಿನದನ್ನು ಯಥಾವತ್ತಾಗಿ ಉಳಿಸಿಕೊಳ್ಳುವ ಮೂರನೆಯ ಮಾರ್ಗವೂ ಉಂಟು. ಅದನ್ನು ಸರಿಯಾಗಿ ಬರೆಯಬಲ್ಲ ತಂತ್ರಜ್ಞರು ವಿರಳ.

ಇನ್ನು ಹರಿವಿನ ವಿಚಾರ. 2009ರಲ್ಲಿ ಆಪಲ್ ಸಂಸ್ಥೆಯು ಎಚ್‌ಎಲ್‌ಎಸ್ ಎಂಬ ವಿಧಾನವನ್ನು ಬಳಕೆಗೆ ತಂದಿತು. ಇದರಲ್ಲಿ ದೃಶ್ಯವನ್ನು ಕೆಲವು ಸೆಕೆಂಡುಗಳ ತುಣುಕುಗಳನ್ನಾಗಿ ಮಾಡಿ, ಅವುಗಳ ಹೆಸರುಗಳನ್ನು ಅನುಕ್ರಮವಾಗಿ ಒಂದು ಪಟ್ಟಿಯಲ್ಲಿ ಬರೆಯುತ್ತಾರೆ. ವೀಕ್ಷಕನ ಮೊಬೈಲು ಆ ಪಟ್ಟಿಯನ್ನು ಮತ್ತೆಮತ್ತೆ ಓದಿ, ಹೊಸ ತುಣುಕುಗಳನ್ನು ತರಿಸಿಕೊಳ್ಳುತ್ತದೆ. ನೇರಪ್ರಸಾರದಲ್ಲಿ ಹಳೆಯ ಹೆಸರುಗಳು ಪಟ್ಟಿಯ ಮೇಲ್ತುದಿಯಿಂದ ಅಳಿಸುತ್ತ ಹೋಗುತ್ತವೆ. ಅಳಿಸದೆ ಹಾಗೆಯೇ ಬಿಟ್ಟರೆ ಅದೇ ಸಂಗ್ರಹವಾಗುತ್ತದೆ! ಬೇಕಾದ ತುಣುಕುಗಳ ಹೆಸರುಗಳನ್ನಷ್ಟೇ ಆಯ್ದು ಮತ್ತೊಂದು ಪಟ್ಟಿಯನ್ನು ಬರೆದರೆ, ಮೂಲಕ್ಕೆ ಕತ್ತರಿಯ ಅಲಗೂ ತಾಗದಂತೆ ಆಯ್ದ ಭಾಗವು ಸಿದ್ಧವಾಗುತ್ತದೆ. ಪ್ರಸಾರ, ಸಂಗ್ರಹ, ಕತ್ತರಿಕೆ ಎಂದು ನಾವು ಮೂರಾಗಿ ಎಣಿಸುವ ಕೆಲಸಗಳು ಬಲ್ಲವರ ಕೈಯಲ್ಲಿ ಒಂದೇ ಕೆಲಸದ ಮೂರು ಪಟ್ಟಿಗಳು.

ನಮ್ಮ ಕಡೆಯ ವಿದ್ಯುತ್ತಿನ ಸ್ಥಿತಿಯನ್ನು ಬಲ್ಲವರಿಗೆ ಮತ್ತೊಂದು ಸಂಗತಿಯನ್ನು ಹೇಳಲೇಬೇಕು. ಎಂಪಿ4 ಎಂಬ ಸಾಮಾನ್ಯ ಕಡತದಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಸೂಚಿಯನ್ನು ವಾಡಿಕೆಯಂತೆ ಕೊನೆಯಲ್ಲಿ ಬರೆಯುತ್ತಾರೆ. ಮೂರು ತಾಸಿನ ಕಾರ್ಯಕ್ರಮದ ಕೊನೆಯ ನಿಮಿಷದಲ್ಲಿ ಕರೆಂಟು ಹೋಗಿ ಯಂತ್ರ ನಿಂತರೆ ಸೂಚಿಯೇ ಇಲ್ಲದಂತಾಗಿ ಮೂರು ತಾಸಿನದೂ ತೆರೆಯದೆ ಹೋಗುತ್ತದೆ. ತುಣುಕುಗಳಾಗಿ ಬರೆದ ಸಂಗ್ರಹದಲ್ಲಿಯಾದರೋ ನಷ್ಟವಾಗುವುದು ಕೊನೆಯ ಕೆಲವು ಸೆಕೆಂಡುಗಳು ಮಾತ್ರ. ಹಾಗೆಯೇ, ತುಣುಕುಗಳ ಒಳಗಿನ ಗಡಿಯಾರವು ಸೆಕೆಂಡಿಗೆ 90,000ದಂತೆ ಎಣಿಸುತ್ತ, 33 ಬಿಟ್‌ಗಳ ಸ್ಥಳ ತುಂಬಿದೊಡನೆ, ಅಂದರೆ ಸುಮಾರು 26 ತಾಸು 30 ನಿಮಿಷಗಳಿಗೊಮ್ಮೆ, ಸೊನ್ನೆಗೆ ಮರಳುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಬರೆದ ತಂತ್ರಾಂಶವು ಒಂದು ದಿನದ ಪರೀಕ್ಷೆಯಲ್ಲಿ ಸುಖವಾಗಿ ಉತ್ತೀರ್ಣವಾಗಿ ಮರುದಿನ ಮುಗ್ಗರಿಸುತ್ತದೆ.

ತಾಂತ್ರಿಕ ವಿವರ ಇಷ್ಟು ಸಾಕು. ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯು 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದಲ್ಲಿಯೇ ಎದ್ದಿತು. ಉಚ್ಚ ನ್ಯಾಯಾಲಯದ ವಿಚಾರಣೆಗಳಿಂದ ಕತ್ತರಿಸಿ ತೆಗೆದ ಕಿರುದೃಶ್ಯಗಳು ದೇಶದಾದ್ಯಂತ ಹರಡಿದವು. ಅವುಗಳಲ್ಲಿ ಕೇಳಿಬಂದ ನ್ಯಾಯಮೂರ್ತಿಯೊಬ್ಬರ ಮಾತುಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೊಂಡು, ಅವರು ವಿಷಾದ ವ್ಯಕ್ತಪಡಿಸಿದ ಬಳಿಕ ಸೆಪ್ಟೆಂಬರ್ 25ರಂದು ಅದನ್ನು ಮುಕ್ತಾಯಗೊಳಿಸಿತು. ಬಾಗಿಲು ಮುಚ್ಚುವುದು ಇದಕ್ಕೆ ಪರಿಹಾರವಲ್ಲ, ಇನ್ನಷ್ಟು ಬೆಳಕು ಬೇಕು ಎಂಬುದು ಅಲ್ಲಿ ವ್ಯಕ್ತವಾದ ಅಭಿಪ್ರಾಯ. ಅದೇ ವೇಳೆಗೆ ಕರ್ನಾಟಕ ಉಚ್ಚ ನ್ಯಾಯಾಲಯವು ಇಂಥ ತುಣುಕುಗಳನ್ನು ಅನುಮತಿಯಿಲ್ಲದೆ ಹಂಚುವುದಕ್ಕೆ ಮಧ್ಯಂತರ ತಡೆಯನ್ನು ವಿಧಿಸಿತು. ಅನುಮತಿಯಿಲ್ಲದ ದಾಖಲೆ ಹಾಗೂ ಹಂಚಿಕೆಯನ್ನು ನಿಯಮಾವಳಿಯು ಮೊದಲೇ ನಿಷೇಧಿಸಿತ್ತು.

ಇಲ್ಲಿ ಎರಡು ನ್ಯಾಯಗಳು ಪರಸ್ಪರ ಎದುರಾಗಿ ನಿಂತಿವೆ. ಕತ್ತರಿಸಿದ ತುಣುಕು ಹರಡದೇ ಇದ್ದಿದ್ದರೆ ಆ ಮಾತುಗಳು ಪ್ರಶ್ನೆಗೆ ಒಳಗಾಗುತ್ತಲೇ ಇರಲಿಲ್ಲವೇನೋ. ಆದರೆ ತಾಸುಗಟ್ಟಲೆ ನಡೆದ ವಾದದಿಂದ ಮೂವತ್ತು ಸೆಕೆಂಡನ್ನು ಕಿತ್ತರೆ ಹಿಂದಣ ಪ್ರಶ್ನೆಯೂ ಮುಂದಣ ತಿದ್ದುಪಡಿಯೂ ಮಾಯವಾಗುತ್ತವೆ. ಹಾಸ್ಯವು ತೀರ್ಪಿನಂತೆ ಕೇಳಿಸುತ್ತದೆ. ನಿಷೇಧವೊಂದರಿಂದಲೇ ಇದು ನಿಲ್ಲುವುದೆಂದು ನನಗನಿಸುವುದಿಲ್ಲ. ಮೊಬೈಲಿನ ತೆರೆಯನ್ನೇ ದಾಖಲಿಸಿಕೊಳ್ಳುವವನನ್ನು ಯಾವ ತಂತ್ರಾಂಶವೂ ತಡೆಯಲಾರದು. ಮೇಲೆ ಹೇಳಿದ ಪಟ್ಟಿಯ ವಿಧಾನವು ಮಹತ್ವದ್ದಾಗುವುದು ಇಲ್ಲಿ. ಅಧಿಕೃತ ಸಂಗ್ರಹವು ದೀರ್ಘಕಾಲ ತೆರೆದಿದ್ದು, ಪ್ರತಿ ಆಯ್ದ ಭಾಗವೂ ತನ್ನ ಮೂಲದ ದಿನಾಂಕ, ವೇಳೆ, ವಿಳಾಸಗಳನ್ನು ಹೊತ್ತೇ ಬರುವಂತಿದ್ದರೆ, ಅನುಮಾನಗೊಂಡ ವೀಕ್ಷಕನು ಮೂಲಕ್ಕೆ ಹೋಗಿ ಹಿಂದುಮುಂದನ್ನು ನೋಡಬಲ್ಲನು. ಸರ್ವೋಚ್ಚ ನ್ಯಾಯಾಲಯದ ಇ-ಸಮಿತಿಯು 2021ರಲ್ಲಿ ಸಿದ್ಧಪಡಿಸಿದ ಮಾದರಿ ನಿಯಮಗಳು ಸಂಗ್ರಹವನ್ನು ಕನಿಷ್ಠ ಆರು ತಿಂಗಳು ಇರಿಸಬೇಕೆನ್ನುತ್ತವೆ. ವರ್ಷಗಟ್ಟಲೆ ನಡೆಯುವ ನಮ್ಮ ವ್ಯಾಜ್ಯಗಳಿಗೆ ಆರು ತಿಂಗಳು ಏತಕ್ಕೂ ಸಾಲದು.

ಅದೇ ನಿಯಮಗಳು ಪ್ರಸಾರವು ಹತ್ತು ನಿಮಿಷ ತಡವಾಗಿರಬೇಕೆಂದೂ, ದಾಂಪತ್ಯ ಕಲಹ, ಮಕ್ಕಳ ದತ್ತು ಮತ್ತು ಪಾಲನೆ, ಲೈಂಗಿಕ ಅಪರಾಧ ಮೊದಲಾದ ಪ್ರಕರಣಗಳು ಪ್ರಸಾರವಾಗಕೂಡದೆಂದೂ ವಿಧಿಸುತ್ತವೆ. ಈ ವಿವೇಕವನ್ನೂ ತಂತ್ರಾಂಶದಲ್ಲಿಯೇ ಹೆಣೆಯಬೇಕಾಗುತ್ತದೆ. ತುಣುಕು ಪಟ್ಟಿಗೆ ಸೇರುವ ಮುನ್ನ ಹತ್ತು ನಿಮಿಷ ಕಾದರೆ, ತಡೆಯಬೇಕಾದದ್ದನ್ನು ತಡೆಯಲು ಸಮಯವಿರುತ್ತದೆ.

ಗುತ್ತವೊಳಲೆಂದು ಹೆಸರಾಗಿದ್ದ ನಮ್ಮ ಊರನ್ನಾಳಿದ ಗುತ್ತರ ಶಾಸನಗಳು ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯದಲ್ಲಿವೆ. ಶಾಸನವನ್ನು ಅಚ್ಚು ಮಾಡಿಸುವ ವಿದ್ವಾಂಸರು ಅಳಿದ ಅಕ್ಷರಗಳ ಜಾಗದಲ್ಲಿ ಚುಕ್ಕೆಗಳನ್ನಿಡುತ್ತಾರೆ. ಇಲ್ಲಿ ಏನೋ ಇತ್ತು ಎಂಬುದನ್ನು ಮರೆಮಾಚುವುದಿಲ್ಲ. ಕತ್ತರಿಸಿದ ದೃಶ್ಯದಲ್ಲಿಯೂ ಬಿಟ್ಟ ಭಾಗದ ಗುರುತು ಕಾಣುವಂತಿರಬೇಕೆಂದು ತಂತ್ರಾಂಶ ಬರೆಯುವವರನ್ನು ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ.

ನಮ್ಮಂಥ ವಿದ್ಯಾಸಂಸ್ಥೆಗಳೂ ಉಪನ್ಯಾಸಗಳನ್ನೂ ಸಮಾರಂಭಗಳನ್ನೂ ಈಗ ಚಿತ್ರೀಕರಿಸಿ ಪ್ರಸಾರ ಮಾಡುತ್ತವೆ. ಇದಕ್ಕೆ ದುಬಾರಿ ಯಂತ್ರಗಳೇನೂ ಬೇಡ. ಫ್ಯಾಬ್ರಿಸ್ ಬೆಲ್ಲಾರ್ಡ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಮತ್ತು 2012ರಿಂದ ದೊರೆಯುತ್ತಿರುವ ಓಬಿಎಸ್ ಎಂಬ ತಂತ್ರಾಂಶಗಳು ಉಚಿತವಾಗಿವೆ. ಅವುಗಳ ಒಳಗಿನ ಬರವಣಿಗೆಯನ್ನು ವಿದ್ಯಾರ್ಥಿಗಳು ಓದಿ ಕಲಿಯಲೂಬಹುದು. ದಾನಿಗಳು ಕ್ಯಾಮೆರಾ ಕೊಡಿಸಲು ಉತ್ಸಾಹ ತೋರುವಷ್ಟು ಹಾರ್ಡ್‌ಡಿಸ್ಕ್ ಕೊಡಿಸಲು ತೋರುವುದಿಲ್ಲ, ಅದರ ಮೇಲೆ ಹೆಸರು ಬರೆಸಲಾಗದೆಂದೋ ಏನೋ. ಆದರೂ ಮೂಲದ ಪ್ರತಿಗಳು ಕನಿಷ್ಠ ಮೂರಿದ್ದು, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಬೇಕು. ವರ್ಷಕ್ಕೊಮ್ಮೆ ಅವನ್ನು ತೆರೆದು ಒಂದಕ್ಕೊಂದು ತಾಳೆ ನೋಡುವ ಹೊಣೆಯನ್ನು ಶಿಕ್ಷಕರೊಬ್ಬರಿಗೆ ಹೆಸರು ಹಿಡಿದು ವಹಿಸಬೇಕು.