ತಿರುಚಿದ ಜಠರ: ಕತ್ತರಿಯೋ, ಕಾಯುವುದೋ?

ಹಾಲು ಕುಡಿದ ಕೂಸು ಒಂದಿಷ್ಟು ಕಕ್ಕಿದರೆ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಅಜ್ಜಿ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸುತ್ತಾಳೆ, ಅಲ್ಲಿಗೆ ಮುಗಿಯಿತು. ಆದರೆ ಕುಡಿದಾಗಲೆಲ್ಲ ವಾಂತಿ, ಮೇಲುಹೊಟ್ಟೆಯ ಉಬ್ಬರ, ಏರದ ತೂಕ, ಇವೆಲ್ಲ ಒಟ್ಟಿಗೆ ಬಂದರೆ ಮಕ್ಕಳ ವೈದ್ಯರು ನೆನೆಯಬೇಕಾದ ಅಪರೂಪದ ತೊಂದರೆಯೊಂದಿದೆ: ಗ್ಯಾಸ್ಟ್ರಿಕ್ ವಾಲ್ವುಲಸ್, ಅಂದರೆ ತಿರುಚಿಕೊಂಡ ಜಠರ.

ಜಠರವನ್ನು ವಪೆ (ಎದೆ, ಹೊಟ್ಟೆಗಳ ನಡುವಿನ ಪರದೆ), ಯಕೃತ್ತು, ಗುಲ್ಮ ಮತ್ತು ದೊಡ್ಡ ಕರುಳಿಗೆ ನಾಲ್ಕು ಲಿಗಮೆಂಟುಗಳು ಹಿಡಿದಿಟ್ಟಿರುತ್ತವೆ. ತೊಟ್ಟಿಲಿನ ಹಗ್ಗ ಸಡಿಲವಾದರೆ ತೊಟ್ಟಿಲು ವಾಲುವಂತೆ, ಈ ಹಿಡಿತ ಸಡಿಲವಾಗಿದ್ದರೆ ಹಾಲು, ಗಾಳಿ ತುಂಬಿದ ಜಠರ ತಿರುಗಿಬಿಡುತ್ತದೆ. ಅದು ತನ್ನ ಉದ್ದದ ಅಕ್ಷದ ಸುತ್ತ ತಿರುಗಬಹುದು, ಅಡ್ಡಲಾಗಿಯೂ ಮಡಚಿಕೊಳ್ಳಬಹುದು. ವಪೆಯಲ್ಲಿ ಹುಟ್ಟಿನಿಂದಲೇ ರಂಧ್ರವಿದ್ದರೆ, ಗುಲ್ಮ ಇಲ್ಲದಿದ್ದರೆ ಅಥವಾ ನೆಲೆ ತಪ್ಪಿದ್ದರೆ ಅಪಾಯ ಹೆಚ್ಚು. 1866ರಲ್ಲಿ ಇಟಲಿಯ ವೈದ್ಯ ಬೆರ್ಟಿ ಇದನ್ನು ಮೊದಲು ವಿವರಿಸಿದ್ದು ಶವಪರೀಕ್ಷೆಯಲ್ಲಿ.

ಶಸ್ತ್ರಚಿಕಿತ್ಸೆಯೋ, ಕಾದು ನೋಡುವುದೋ ಎಂಬ ಪ್ರಶ್ನೆಗೆ ಮೊದಲ ಉತ್ತರ ಕೊಡುವುದು ರಕ್ತನಾಳ. ತಿರುವು 180 ಡಿಗ್ರಿ ದಾಟಿ ಬಿಗಿದುಕೊಂಡರೆ ಜಠರದ ಎರಡೂ ಬಾಯಿ ಮುಚ್ಚಿ, ರಕ್ತ ಹರಿಯದೆ ಗೋಡೆ ಕೊಳೆಯತೊಡಗಬಹುದು. ಮಗು ಓಕರಿಸುತ್ತದೆ, ಏನೂ ಹೊರಬರುವುದಿಲ್ಲ, ಹೊಟ್ಟೆ ಬಿಗಿಯುತ್ತದೆ, ಮೂಗಿನಿಂದ ಹಾಕಿದ ನಳಿಕೆ ಜಠರಕ್ಕೆ ಇಳಿಯುವುದಿಲ್ಲ. 1904ರಲ್ಲಿ ವೈದ್ಯ ಬೋರ್ಕಾರ್ಟ್ ಗುರುತಿಸಿದ ಈ ಮೂರು ಲಕ್ಷಣಗಳು ಹಸುಗೂಸಿನಲ್ಲಿ ಒಟ್ಟಿಗೆ ಕಾಣದೆಯೂ ಇರಬಹುದು. ಇಂಥ ಹಠಾತ್ ತಿರುವಿಗೆ ತಡಮಾಡದ ಶಸ್ತ್ರಚಿಕಿತ್ಸೆಯೇ ದಾರಿ: ಜಠರವನ್ನು ಬಿಡಿಸಿ, ಮತ್ತೆ ತಿರುಗದಂತೆ ಹೊಟ್ಟೆಯ ಗೋಡೆಗೆ ಹೊಲಿದು, ವಪೆಯ ರಂಧ್ರವಿದ್ದರೆ ಮುಚ್ಚುತ್ತಾರೆ. ಈಗ ಎಷ್ಟೋ ಕಡೆ ಇದನ್ನು ಲ್ಯಾಪರೋಸ್ಕೋಪಿಯಿಂದಲೇ ಮಾಡುತ್ತಾರೆ.

ಇನ್ನೊಂದು ಬಗೆ ನಿಧಾನದ್ದು. ಅರೆ ತಿರುವು ಬರುತ್ತದೆ, ತಾನೇ ಬಿಡುತ್ತದೆ, ಮತ್ತೆ ಬರುತ್ತದೆ. ಬೇರಿಯಂ ಕುಡಿಸಿ ತೆಗೆದ ಎಕ್ಸ್-ರೇಯಲ್ಲಿ ಜಠರದ ನಿಲುವು ಕಾಣುತ್ತದೆ. 2008ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಅದುವರೆಗೆ ವರದಿಯಾಗಿದ್ದ 581 ಮಕ್ಕಳ ಪ್ರಕರಣಗಳನ್ನು ಕಲೆಹಾಕಿತು. ಅವುಗಳಲ್ಲಿ 329 ಈ ನಿಧಾನದ ಬಗೆಯವು. ವಪೆಯ ದೋಷವಿಲ್ಲದ ಇಂಥ ಕೂಸುಗಳಲ್ಲಿ ಹಲವಕ್ಕೆ ಕತ್ತರಿ ಬೇಕಾಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಹಾಲು, ನಡುನಡುವೆ ತೇಗು, ಕುಡಿದ ಮೇಲೆ ತಲೆ ಎತ್ತರವಾಗಿರುವಂತೆ ಎತ್ತಿಕೊಳ್ಳುವುದು, ಎಚ್ಚರವಿದ್ದಾಗ ವೈದ್ಯರು ಹೇಳಿದಂತೆ ಬಲ ಮಗ್ಗುಲಿಗೋ ಬೋರಲಾಗಿಯೋ ಮಲಗಿಸುವುದು. ನಿದ್ದೆಯಲ್ಲಿ ಮಾತ್ರ ಅಂಗಾತವೇ ಸರಿ. ತಾವಾಗಿಯೇ ಬೋರಲು ಮಲಗಿಸುವುದು ಅಪಾಯ. ತಿಂಗಳುಗಳು ಕಳೆದಂತೆ ಲಿಗಮೆಂಟುಗಳು ಬಿಗಿಯಾಗುತ್ತವೆ, ಮಗು ಕೂರಲು ಕಲಿಯುತ್ತದೆ, ವಾಂತಿ ಇಳಿಯುತ್ತದೆ.

ಕಾಯುವುದೆಂದರೆ ಸುಮ್ಮನಿರುವುದು ಎಂದು ಮನೆಯವರು ತಿಳಿಯುತ್ತಾರೆ. ನನಗೆ ಅದು ಎರಡರಲ್ಲಿ ಹೆಚ್ಚು ಶ್ರಮದ ಚಿಕಿತ್ಸೆಯಾಗಿ ಕಾಣುತ್ತದೆ, ಮತ್ತು ಅದರ ಭಾರ ಬೀಳುವುದು ನಿದ್ದೆಗೆಟ್ಟ ಬಾಣಂತಿಯ ಮೇಲೆ. ಅರೆ ತಿರುವು ಒಮ್ಮೆಲೇ ಬಿಗಿದುಕೊಳ್ಳಬಹುದಾದ್ದರಿಂದ ಕಾಯುವುದಕ್ಕೆ ಹತ್ತಿರದಲ್ಲೇ ಆಸ್ಪತ್ರೆಯೂ ಬೇಕು. ಮುಂಬೈನ ಪರೇಲ್‌ನಲ್ಲಿ ಆ ಅನುಕೂಲ ಬಹಳ ಹಿಂದೆಯೇ ಬಂತು. ಆಗ ಗಿರಣಿಗಳ ನಡುವೆ ಇದ್ದ ಈ ಬಡಾವಣೆಯಲ್ಲಿ 1926ರಲ್ಲಿ ಕೆಇಎಂ ಆಸ್ಪತ್ರೆ, ಅದಿರುವ ಆಚಾರ್ಯ ದೋಂದೆ ಮಾರ್ಗದಲ್ಲೇ 1929ರಲ್ಲಿ ಬಾಯಿ ಜೆರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ ತೆರೆದವು. ಚಾಳಿನ ತಾಯಿ ರಾತ್ರಿ ಮಗುವಿನ ಹೊಟ್ಟೆ ಬಿಗಿದರೆ ಎತ್ತಿಕೊಂಡು ಓಡಬಹುದು. ಅದೇ ಎಕ್ಸ್-ರೇ, ಅದೇ ತಿರುವು ಇದ್ದು, ಮನೆ ಮಾತ್ರ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದರೆ? ರೈಲಿನಲ್ಲಿ ಒಂದು ರಾತ್ರಿಯ ದೂರವನ್ನು ಕೊಳೆಯುವ ಜಠರ ಕಾಯುವುದಿಲ್ಲ. ಅಲ್ಲಿ ಮೊದಲೇ ಹೊಲಿಗೆ ಹಾಕಿ ಕಳಿಸುವುದು ಜಾಣತನವಾಗಬಹುದು. ಆದ್ದರಿಂದ ಮನೆ ಎಲ್ಲಿ, ಹತ್ತಿರದ ಮಕ್ಕಳ ಶಸ್ತ್ರವೈದ್ಯರು ಎಷ್ಟು ದೂರ ಎಂಬುದನ್ನು ಕೇಳದಿದ್ದರೂ ವೈದ್ಯರಿಗೆ ಹೇಳಿ.

ವಾಂತಿಯ ಬಣ್ಣವನ್ನೂ ಹೇಳಿ. ಅದು ಹಸಿರಾಗಿದ್ದರೆ ತೊಂದರೆ ಜಠರದಿಂದ ಕೆಳಗೆ, ಕರುಳೇ ತಿರುಚಿಕೊಂಡಿರಬಹುದು. ಆಗ ಮನೆಮದ್ದು ಬೇಡ, ಬೆಳಗಾಗಲೆಂದು ಕಾಯುವುದೂ ಬೇಡ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ.