ನುಸಿಗೆ ನುಸಿಯೇ ಮದ್ದು

ಫೆಬ್ರವರಿ ಮುಗಿಯುತ್ತ ಬಂದಂತೆ ಮಹಾಬಳೇಶ್ವರ, ಪಂಚಗಣಿಯ ಗುಡ್ಡಗಳಲ್ಲಿ ಚಳಿ ಬಿಟ್ಟು ಬಿಸಿಲು ಏರತೊಡಗುತ್ತದೆ. ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಬರುವುದು ಸಾತಾರಾ ಜಿಲ್ಲೆಯ ಈ ತೋಟಗಳಿಂದಲೇ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನೆಟ್ಟ ಗಿಡಗಳು ಆಗಲೂ ಹಣ್ಣು ಕೊಡುತ್ತಿರುತ್ತವೆ. ಅಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಎಲೆಯ ಹಸಿರು ಮಾಸುತ್ತದೆ, ಮೇಲೆಲ್ಲ ಸಣ್ಣ ಬಿಳಿ ಚುಕ್ಕೆಗಳು ಏಳುತ್ತವೆ. ನೀರು ಸಾಲಲಿಲ್ಲವೇನೋ, ಗೊಬ್ಬರ ಕಡಿಮೆಯಾಯಿತೇನೋ ಅನ್ನಿಸುವುದು ಸಹಜ. ಎಲೆ ಮಗುಚಿ ಭೂತಗನ್ನಡಿ ಹಿಡಿದಾಗ ನಿಜಸಂಗತಿ ಕಾಣುತ್ತದೆ. ನವಿರಾದ ಬಲೆ, ಅದರ ನಡುವೆ ದುಂಡನೆಯ ಮೊಟ್ಟೆಗಳು, ಬೆನ್ನಿನ ಎರಡು ಪಕ್ಕಗಳಲ್ಲಿ ಕಪ್ಪು ಮಚ್ಚೆಯಿರುವ ಪುಟ್ಟ ಜೀವಿಗಳು.

ಇದೇ ಎರಡು ಚುಕ್ಕೆಯ ಜೇಡ ನುಸಿ. ವಿಜ್ಞಾನಿಗಳು ಇಟ್ಟ ಹೆಸರು ಟೆಟ್ರಾನಿಕಸ್ ಅರ್ಟಿಸಿ. ರೈತರ ಬಾಯಲ್ಲಿ ಕೆಂಪು ನುಸಿ ಅಥವಾ ಬರೀ ಮೈಟ್ಸ್. ಉದ್ದ ಅರ್ಧ ಮಿಲಿಮೀಟರ್ ಇದ್ದರೆ ಹೆಚ್ಚು. ಎಂಟು ಕಾಲಿರುವ ಇದು ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ್ದು. ಸೂಜಿಯಂಥ ಬಾಯಿಯನ್ನು ಎಲೆಯ ಜೀವಕೋಶಗಳಿಗೆ ಚುಚ್ಚಿ ಒಳಗಿನ ರಸ ಹೀರುತ್ತದೆ. ಬರಿದಾದ ಕೋಶಗಳೇ ಬಿಳಿ ಚುಕ್ಕೆಗಳು. ಚುಕ್ಕೆಗಳು ಹೆಚ್ಚಿದಂತೆ ಗಿಡ ಸೊರಗುತ್ತದೆ, ಹಣ್ಣು ಸಣ್ಣದಾಗುತ್ತದೆ, ಇಳುವರಿ ಬೀಳುತ್ತದೆ. ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳ ಮೇಲೆ ಬದುಕಬಲ್ಲ ಈ ನುಸಿ ಕರ್ನಾಟಕದ ಬದನೆ, ಬೆಂಡೆ ಬೆಳೆಗಾರರಿಗೆ, ಪಾಲಿಹೌಸಿನಲ್ಲಿ ಗುಲಾಬಿ ಬೆಳೆಯುವವರಿಗೆ ಹೊಸದೇನಲ್ಲ. ತೆಂಗಿನಕಾಯಿಗೆ ಬೀಳುವ ನುಸಿ ಮಾತ್ರ ಬೇರೆಯೇ ಜಾತಿ.

ಇದರ ಬಲವಿರುವುದು ಸಂತಾನದಲ್ಲಿ. ಹವೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಣಗಿದ್ದರೆ ಮೊಟ್ಟೆ ಬೆಳೆದ ನುಸಿಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ನೂರರಷ್ಟು ಮೊಟ್ಟೆ ಇಡುತ್ತದೆ. ಗಂಡಿನ ಜೊತೆ ಕೂಡದಿದ್ದರೂ ಮೊಟ್ಟೆ ಇಡಬಲ್ಲದು. ಅಂಥ ಮೊಟ್ಟೆಗಳಿಂದ ಬರುವುದು ಗಂಡು ಮಾತ್ರ. ಆ ಗಂಡಿನೊಡನೆಯೇ ಕೂಡಿ ಮುಂದಿನ ಸಂತಾನ ಬೆಳೆಸುತ್ತದೆ. ಹಾಗಾಗಿ ಸಸಿಯ ಜೊತೆ ಒಂದೇ ಒಂದು ಹೆಣ್ಣು ನುಸಿ ಬಂದರೂ ತೋಟಕ್ಕೆ ಹಬ್ಬಬಹುದು.

ಸಹಜವಾಗಿಯೇ ರೈತ ಔಷಧಿ ಹೊಡೆಯುತ್ತಾನೆ. ಕಥೆ ಕೆಡುವುದು ಇಲ್ಲೇ. ಎರಡನೇ ಮಹಾಯುದ್ಧದ ನಂತರ ಡಿಡಿಟಿ ಮತ್ತು ಅದರ ಹಿಂದೆ ಬಂದ ಕೀಟನಾಶಕಗಳು ಹೊಲಗಳಿಗೆ ಇಳಿದಾಗ ಜಗತ್ತಿನ ಹಲವೆಡೆ ಜೇಡ ನುಸಿಯ ಕಾಟ ಕಡಿಮೆಯಾಗುವ ಬದಲು ಹೆಚ್ಚಾಯಿತು. ಆ ವಿಷಕ್ಕೆ ಸತ್ತದ್ದು ನುಸಿಯನ್ನು ತಿಂದು ಬದುಕುವ ಜೀವಿಗಳು. ಇಂದಿಗೂ ಬೇರೆ ಕೀಟಕ್ಕೆಂದು ಪೈರೆಥ್ರಾಯ್ಡ್ ಬಗೆಯ ಕೀಟನಾಶಕ ಹೊಡೆದ ಕೆಲವೇ ವಾರಗಳಲ್ಲಿ ನುಸಿ ಉಕ್ಕಿ ಬರುವುದುಂಟು. ನುಸಿಗೆಂದೇ ಮಾಡಿದ ಔಷಧಿಗಳೂ ಬಹಳ ಕಾಲ ನಡೆಯುವುದಿಲ್ಲ. ತೊಂಬತ್ತಕ್ಕೂ ಹೆಚ್ಚು ರಾಸಾಯನಿಕಗಳನ್ನು ತಾಳಿಕೊಳ್ಳುವ ಶಕ್ತಿ ಇದರ ಒಂದಲ್ಲ ಒಂದು ಸಂತತಿಯಲ್ಲಿ ದಾಖಲಾಗಿದೆ. 2011ರಲ್ಲಿ ಇದರ ಜೀನೋಮ್ ಓದಿದ ವಿಜ್ಞಾನಿಗಳಿಗೆ ವಿಷವನ್ನು ಒಡೆದು ಹಾಕುವ ಜೀನ್‌ಗಳ ದೊಡ್ಡ ದಂಡೇ ಸಿಕ್ಕಿತು. ಸ್ಟ್ರಾಬೆರಿಗೆ ಇನ್ನೂ ಒಂದು ತೊಡಕಿದೆ. ವಾರಕ್ಕೆರಡು ಮೂರು ಸಲ ಕೀಳುವ, ಸಿಪ್ಪೆ ಸುಲಿಯದೆ ತಿನ್ನುವ ಹಣ್ಣಿದು. ಔಷಧಿ ಹೊಡೆದ ಮೇಲೆ ಕಾಯಬೇಕಾದ ದಿನಗಳನ್ನು ಕಾಯಲು ಹಣ್ಣೇ ಬಿಡುವು ಕೊಡುವುದಿಲ್ಲ. ತಿನ್ನುವವರ ಆರೋಗ್ಯದ ದೃಷ್ಟಿಯಿಂದ ಇದು ತೀರ ಗಂಭೀರ ಸಂಗತಿ.

ಪರಿಹಾರ ಸಿಕ್ಕಿದ್ದು ಮಾತ್ರ ಆಕಸ್ಮಿಕವಾಗಿ. 1950ರ ದಶಕದ ಕೊನೆಯಲ್ಲಿ ಚಿಲಿ ದೇಶದಿಂದ ಜರ್ಮನಿಗೆ ಬಂದ ಆರ್ಕಿಡ್ ಗಿಡಗಳ ಮೇಲೆ ಕಿತ್ತಳೆಗೆಂಪು ಬಣ್ಣದ, ಚುರುಕು ನಡಿಗೆಯ ಇನ್ನೊಂದು ನುಸಿ ಕಂಡಿತು. ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬ ಇದಕ್ಕೆ ಜೇಡ ನುಸಿ ಬಿಟ್ಟರೆ ಬೇರೆ ಊಟವೇ ಇಲ್ಲ. ದಿನಕ್ಕೆ ಐದಾರು ಬೆಳೆದ ನುಸಿಗಳನ್ನೋ ಇಪ್ಪತ್ತರಷ್ಟು ಮೊಟ್ಟೆ, ಮರಿಗಳನ್ನೋ ಮುಗಿಸುತ್ತದೆ. ಔಷಧಿಗೆ ಬಗ್ಗದ ನುಸಿಯಿಂದ ಬೇಸತ್ತಿದ್ದ ನೆದರ್ಲೆಂಡಿನ ಸೌತೆ ಬೆಳೆಗಾರ ಯಾನ್ ಕೊಪರ್ಟ್ 1967ರಲ್ಲಿ ಇದನ್ನು ಸಾಕಿ ಮಾರಲು ಮುಂದಾದರು. ಜೈವಿಕ ನಿಯಂತ್ರಣ ಒಂದು ಉದ್ಯಮವಾಗಿ ಬೆಳೆದದ್ದರಲ್ಲಿ ಆ ಸಾಹಸಕ್ಕೆ ದೊಡ್ಡ ಪಾಲಿದೆ.

ಕಣ್ಣೇ ಇಲ್ಲದ ಈ ಬೇಟೆಗಾರ ತನ್ನ ಬೇಟೆಯನ್ನು ಹುಡುಕುವುದು ಹೇಗೆ? 1980ರ ದಶಕದಲ್ಲಿ ನೆದರ್ಲೆಂಡಿನ ಮಾರ್ಸೆಲ್ ಡಿಕ್, ಮೌರಿಸ್ ಸಬೆಲಿಸ್ ಮತ್ತು ಸಂಗಡಿಗರು ಅವರೆಯ ಜಾತಿಯ ಗಿಡಗಳ ಮೇಲೆ ಇದನ್ನು ಪರೀಕ್ಷಿಸಿದರು. ಜೇಡ ನುಸಿ ಕಚ್ಚಿದ ಗಿಡ ವಿಶಿಷ್ಟ ವಾಸನೆಯ ಆವಿಗಳನ್ನು ಹೊರಬಿಡುತ್ತದೆ, ಬೇಟೆ ನುಸಿ ಆ ವಾಸನೆಯ ಜಾಡು ಹಿಡಿದು ಬರುತ್ತದೆ. ಗಿಡವೇ ತನ್ನ ರಕ್ಷಕನನ್ನು ಕರೆಯುತ್ತದೆ! ಸಸ್ಯಗಳು ಮೂಕ ಎಂಬ ನಂಬಿಕೆಯನ್ನೇ ಅಲುಗಿಸಿದ ಶೋಧವಿದು.

ಅಮೆರಿಕದ ಸ್ಟ್ರಾಬೆರಿಯಲ್ಲಿ ಹೆಚ್ಚಿನ ಪಾಲು ಬೆಳೆಯುವ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್, ಆಕ್ಸ್‌ನಾರ್ಡ್ ಸುತ್ತಿನ ಹೊಲಗಳಲ್ಲಿ ಬೇಟೆ ನುಸಿ ಬಿಡುವುದು ಈಗ ಮಾಮೂಲು. ಹೊಟ್ಟಿನಂಥ ಹಗುರ ಪುಡಿಯಲ್ಲಿ ಬೆರೆಸಿ ಬಾಟಲಿಯಲ್ಲಿ ಬರುವ ನುಸಿಗಳನ್ನು ಕೆಲಸಗಾರರು ಎಲೆಗಳ ಮೇಲೆ ಉದುರಿಸುತ್ತ ಹೋಗುತ್ತಾರೆ. ಅದಕ್ಕೂ ಮೊದಲು ಎಣಿಕೆ ನಡೆಯುತ್ತದೆ. ಹಣ್ಣು ಬಿಡುವ ಮುನ್ನ ಎಲೆಯ ಒಂದು ದಳಕ್ಕೆ ಸರಾಸರಿ ಐದು ನುಸಿ ಕಂಡರೆ ಔಷಧಿಯ ಯೋಚನೆ ಮಾಡಬೇಕೆಂದು ಅಲ್ಲಿನ ವಿಶ್ವವಿದ್ಯಾಲಯದ ಸಲಹೆ. ಕೊಯ್ಲು ಶುರುವಾದ ಮೇಲೆ ಹದಿನೈದು ಇಪ್ಪತ್ತರವರೆಗೂ ಗಿಡ ತಾಳುತ್ತದೆ. ಎಳೆಯ ಗಿಡಕ್ಕೇ ಪೆಟ್ಟು ಹೆಚ್ಚು.

ಬೇಟೆ ನುಸಿಯ ಮಿತಿಗಳನ್ನೂ ಹೇಳಲೇಬೇಕು. ತೀರ ಒಣ ಹವೆಯಲ್ಲಿ ಪರ್ಸಿಮಿಲಿಸ್ ಮೊಟ್ಟೆಗಳು ಒಡೆಯುವುದಿಲ್ಲ. ಅಂಥ ಕಡೆ ಬಿಸಿಲು ತಾಳುವ, ಪರಾಗ ತಿಂದಾದರೂ ಜೀವ ಹಿಡಿದುಕೊಳ್ಳುವ ನಿಯೋಸಿಯುಲಸ್ ಕ್ಯಾಲಿಫೋರ್ನಿಕಸ್ ಬಳಸುತ್ತಾರೆ. ಎಲೆಗಳು ಬಲೆಯಿಂದ ಮುಚ್ಚಿಹೋದ ಮೇಲೆ ಬಿಟ್ಟರೆ ಪ್ರಯೋಜನ ಅಲ್ಪ. ಬಿಡುವ ಹಿಂದೆ ಮುಂದೆ ಕಟು ಕೀಟನಾಶಕ ಹೊಡೆದರೆ ದುಡ್ಡು ಮಣ್ಣುಪಾಲು.

ಭಾರತದಲ್ಲಿ ಈ ಬೇಟೆ ನುಸಿಗಳಿಗೆ ಸಮನಾದ ಸ್ಥಳೀಯ ಜೀವಿಯಿದೆ, ನಿಯೋಸಿಯುಲಸ್ ಲಾಂಜಿಸ್ಪೈನೋಸಸ್. ನುಸಿಗಳ ಅಧ್ಯಯನದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಸರು ದೊಡ್ಡದು. ಪ್ರೊ. ಜಿ.ಪಿ. ಚನ್ನಬಸವಣ್ಣ ಅವರು ಅಲ್ಲಿ ಕಟ್ಟಿದ ಪರಂಪರೆಯಿಂದಾಗಿ 1986ರಲ್ಲಿ ನುಸಿ ವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನವೇ ಬೆಂಗಳೂರಿನಲ್ಲಿ ನಡೆಯಿತು. ಇಷ್ಟು ತಿಳಿವಳಿಕೆ ಕೈಯಳತೆಯಲ್ಲಿರುವಾಗ ಸಣ್ಣ ಬೆಳೆಗಾರನಿಗೂ ಎಟುಕುವ ಬೆಲೆಗೆ ಬೇಟೆ ನುಸಿ ಸಿಗುವ ಏರ್ಪಾಡು ಆಗಲೇಬೇಕು.

ಅಲ್ಲಿಯವರೆಗೆ ಬೆಳೆಗಾರರ ಕೈಲಿರುವ ಕೆಲಸಗಳೂ ಕಡಿಮೆಯಿಲ್ಲ. ನುಸಿಯಿಲ್ಲದ ಸಸಿ ತನ್ನಿ. ದಾರಿಯ ಧೂಳು ಗಿಡದ ಮೇಲೆ ಕೂರದಂತೆ ನೀರು ಚಿಮುಕಿಸಿ. ಧೂಳು ಕೂತಲ್ಲಿ ನುಸಿ ಹೆಚ್ಚುತ್ತದೆ. ಗಿಡಕ್ಕೆ ನೀರಿನ ಕೊರತೆ ಮಾಡಬೇಡಿ, ಯೂರಿಯಾ ಅತಿಯಾಗಿ ಸುರಿಯಬೇಡಿ. ವಾರಕ್ಕೊಮ್ಮೆ ತೋಟ ಸುತ್ತಿ, ಎಲೆ ಮಗುಚಿ ನೋಡಿ. ಔಷಧಿ ಬೇಕೇಬೇಕು ಅನ್ನಿಸಿದರೆ ನುಸಿಗೆಂದೇ ಇರುವುದನ್ನು, ಒಂದನ್ನೇ ಮತ್ತೆ ಮತ್ತೆ ಹೊಡೆಯದೆ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿಯೇ ಬಳಸಿ.