90 ದಿನದ ನೋಟಿಸು, ನಿದ್ರೆಯಿಲ್ಲದ ರಾತ್ರಿ

ಕೆಲಸ ಬಿಡುವವರು 90 ದಿನ ಮೊದಲೇ ತಿಳಿಸಬೇಕೆಂಬ ಷರತ್ತು ಬೆಂಗಳೂರಿನ ಐಟಿ ಕಂಪೆನಿಗಳಲ್ಲಿ ಸಾಮಾನ್ಯ. ಸೇರಿದ ಎರಡೇ ವಾರಕ್ಕೆ ಈ ಕೆಲಸ ತನಗಲ್ಲವೆಂದು ಮಗನಿಗೆ ಗೊತ್ತಾದರೂ ಆ 90 ದಿನಕ್ಕೆ ಹೆದರಿ ಬಾಯಿ ಬಿಡುವುದಿಲ್ಲ. ದೇಹ ಮಾತ್ರ ಹೇಳಿಬಿಡುತ್ತದೆ. ರಾತ್ರಿ ನಿದ್ರೆಯಿಲ್ಲ, ಬೆಳಿಗ್ಗೆ ಎದೆ ಡವಡವ, ಊಟ ಸೇರದು, ಸಣ್ಣ ಮಾತಿಗೂ ಸಿಡುಕು. ಗ್ಯಾಸ್ಟ್ರಿಕ್ ಇರಬೇಕೆಂದು ಮಾತ್ರೆ ಕೊಟ್ಟು ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ; ಕೆಲಸದ ವಿಷಯವನ್ನೂ ಅವರಿಗೆ ಹೇಳಲಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆಯೇ ಬಡಿದುಕೊಳ್ಳುತ್ತದೆ, ಪರೀಕ್ಷಿಸುವುದು ಒಳ್ಳೆಯದು.

ಜೊತೆಗೆ ನೇಮಕಾತಿ ಪತ್ರವನ್ನು ಕುಳಿತು ಓದಿ. ಎಷ್ಟೋ ಕಂಪೆನಿಗಳಲ್ಲಿ ಪ್ರೊಬೇಷನ್ ಮುಗಿಯುವವರೆಗೆ ನೋಟಿಸಿನ ಅವಧಿ ಕಡಿಮೆ. ಉಳಿದ ದಿನಗಳ ಸಂಬಳ ಕಟ್ಟಿ ಹೊರಬರುವ ದಾರಿಯೂ ಇರಬಹುದು; ಲೆಕ್ಕ ಮೂಲ ವೇತನದ ಮೇಲೋ ಪೂರ್ತಿ ಸಂಬಳದ ಮೇಲೋ ನೋಡಿಕೊಳ್ಳಿ. ಒಪ್ಪಂದ ಮುರಿದರೆ ಕಂಪೆನಿ ಹಣ ಕೇಳಬಹುದು. ಆದರೆ ಒಲ್ಲದವನನ್ನು ಕೂರಿಸಿ ದುಡಿಸಿ ಎಂದು ನಮ್ಮ ಕೋರ್ಟುಗಳು ಆದೇಶಿಸುವುದಿಲ್ಲ.

ಗಲ್ಫ್‌ನಲ್ಲಿರುವವರ ಲೆಕ್ಕ ಬೇರೆ. ಯುಎಇಯ 2021ರ ಕಾರ್ಮಿಕ ಕಾನೂನಿನಂತೆ, ಖಾಸಗಿ ಕಂಪೆನಿಯಲ್ಲಿ ಪ್ರೊಬೇಷನ್‌ನಲ್ಲಿರುವವರು ಊರಿಗೆ ಮರಳುವುದಾದರೆ 14 ದಿನ, ಅಲ್ಲೇ ಬೇರೆ ಕಂಪೆನಿ ಸೇರುವುದಾದರೆ ಒಂದು ತಿಂಗಳು ಮೊದಲು ಲಿಖಿತವಾಗಿ ತಿಳಿಸಬೇಕು. ಹೇಳದೆ ಕೇಳದೆ ಗೈರಾದರೆ ವೀಸಾಕ್ಕೇ ತೊಂದರೆ. ಇಲ್ಲಿಯೂ ಹಾಗೆ ಮಾಯವಾದವರಿಗೆ ರಿಲೀವಿಂಗ್ ಲೆಟರ್ ಸಿಗುವುದು ಕಷ್ಟ.

ರಾಜೀನಾಮೆ ಕೊಟ್ಟ ಮೇಲೆ ಅನೇಕರಿಗೆ ನಿದ್ರೆ ತಾನಾಗಿ ಮರಳುತ್ತದೆ, ಮನೆಯವರು ಬಿಟ್ಟರೆ! ಊಟಕ್ಕೆ ಕೂತಾಗಲೆಲ್ಲ "ಬೇರೆ ಕೆಲಸ ಸಿಕ್ಕಿತಾ?" ಎಂದು ಕೇಳಬೇಡಿ.